ವಾದ್ಯದ ಪೆಟ್ಟಿಗೆಯಲ್ಲಿ ಇನ್ನು ಹಾಡೂ ಬರುತ್ತದೆ

ಪ್ರಿಯ ಸದಸ್ಯರೇ,

ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರತಿ ತಿಂಗಳು ನಿಮ್ಮ ಮನೆಗೆ ಬರುವ ವಾದ್ಯಸಂಗೀತದ ಪೆಟ್ಟಿಗೆಯಲ್ಲಿ ಮುಂದಿನ ತಿಂಗಳಿನಿಂದ ಹಾಡುಗಾರಿಕೆ ಇರುವ ಎಲ್‌ಪಿ ಗ್ರಾಮಫೋನ್ ತಟ್ಟೆಗಳೂ ಇರುತ್ತವೆ. ಪ್ರತಿ ಸಲವೂ ಅಲ್ಲ, ಸಿಕ್ಕ ಸಿಕ್ಕ ಗಾಯಕರದ್ದೂ ಅಲ್ಲ. ವಾದ್ಯವನ್ನೇ ನೆಚ್ಚಿಕೊಂಡು ಬಂದ ತಂಡವೊಂದು ತಾನಾಗಿ ಬಾಯಿ ತೆರೆದರೆ, ಅದೊಂದೇ ಕಾರಣಕ್ಕೆ ಅದನ್ನು ಪೆಟ್ಟಿಗೆಯಿಂದ ಹೊರಗಿಡುವುದಿಲ್ಲ, ಅಷ್ಟೇ. ಚಂದಾ ಹಣ ಮೊದಲಿನಷ್ಟೇ. ಒಲ್ಲದವರಿಗೆ ಬೇರೆ ವ್ಯವಸ್ಥೆಯೂ ಇದೆ, ಅದನ್ನು ಪತ್ರದ ಕೊನೆಗೆ ಬರೆದಿದ್ದೇವೆ. ಅವಸರದಲ್ಲಿರುವವರು ನೇರ ಅಲ್ಲಿಗೇ ಹೋಗಬಹುದು.

ನಾಲ್ಕು ಜನ ದುಡ್ಡು ಹಾಕಿ ಎಲ್‌ಪಿ ಕೊಳ್ಳುವುದು, ಎಲ್ಲರೂ ಸರದಿಯ ಮೇಲೆ ಕೇಳುವುದು: ನಮ್ಮ ಸಹಕಾರಿಯ ಬಂಡವಾಳವೆಲ್ಲ ಇಷ್ಟೇ. ಅದರಲ್ಲಿ ವಾದ್ಯಸಂಗೀತದ ಪೆಟ್ಟಿಗೆಗೆ ಸೇರಿದವರು ತಮ್ಮದೇ ಕಾರಣಗಳಿಗಾಗಿ ಸೇರಿದ್ದೀರಿ. ಕೆಲವರು ಓದುವಾಗ ಹಾಕಿಕೊಳ್ಳುತ್ತೀರಿ. ಚಿತ್ರ ಬಿಡಿಸುವವರಿದ್ದೀರಿ. ಹಲ್ಲಿನ ಚಿಕಿತ್ಸಾಲಯದಲ್ಲಿ ಹಾಕುವ ಸದಸ್ಯರೊಬ್ಬರಿದ್ದಾರೆ. ಬಾಯಿ ತೆರೆದು ಕುಳಿತವರ ಎದುರು ಇನ್ನೊಬ್ಬರು ಬಾಯಿ ತೆರೆದು ಹಾಡುವುದು ಸರಿಯಲ್ಲ ಎಂಬುದು ಅವರ ವಾದ. ಕಿವಿಗೆ ಬಿದ್ದ ಮಾತು ಕಣ್ಣೆದುರಿನ ಮಾತನ್ನು ಪಕ್ಕಕ್ಕೆ ತಳ್ಳುತ್ತದೆ, ಇದು ಓದುವವರಿಗೆಲ್ಲ ಗೊತ್ತು. ಹಾಗಾಗಿ ‘ಕಂಠ ಬೇಡ’ ಎಂಬ ನಿಯಮಕ್ಕೆ ಅರ್ಥವಿತ್ತು, ಈಗಲೂ ಇದೆ.

ಆದರೆ ಅದೇ ನಿಯಮ ನಮ್ಮನ್ನು ಒಂದು ವಿಚಿತ್ರ ಜಾಗಕ್ಕೆ ತಂದು ನಿಲ್ಲಿಸಿತು. ಅಮೆರಿಕದ ರಾಕ್ ತಂಡ ಅರ್ಥ್‌ಲೆಸ್ ನಿಮಗೆ ಹೊಸದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 2001ರಲ್ಲಿ ಕೂಡಿದ ಮೂವರು: ಗಿಟಾರಿನಲ್ಲಿ ಐಸೇಯಾ ಮಿಚೆಲ್, ಬೇಸ್‌ನಲ್ಲಿ ಮೈಕ್ ಎಗಿಂಟನ್, ಡ್ರಮ್ಸ್‌ನಲ್ಲಿ ಮಾರಿಯೋ ರೂಬಲ್ಕಾಬಾ. 2005ರ ‘ಸಾನಿಕ್ ಪ್ರೇಯರ್’, 2007ರ ‘ರಿದಮ್ಸ್ ಫ್ರಂ ಎ ಕಾಸ್ಮಿಕ್ ಸ್ಕೈ’, 2013ರ ‘ಫ್ರಂ ದಿ ಏಜಸ್’ ಮೂರೂ ನಿಮ್ಮ ಮನೆಗಳನ್ನು ಸುತ್ತಿ ಬಂದಿವೆ. ಇವುಗಳ ನಂತರದ್ದನ್ನು ಯಾವಾಗ ಕಳುಹಿಸುತ್ತೀರಿ ಎಂದು ಕೇಳುತ್ತಲೇ ಇದ್ದೀರಿ. ನಂತರದ್ದು 2018ರ ‘ಬ್ಲ್ಯಾಕ್ ಹೆವನ್’. ಅದರ ಆರು ರಚನೆಗಳಲ್ಲಿ ನಾಲ್ಕರಲ್ಲಿ ಮಿಚೆಲ್ ಹಾಡುತ್ತಾರೆ. ಅದೇ ತಂಡ, ಅದೇ ಮೂವರು, ಅದೇ ಗಿಟಾರು. ನಿಯಮದ ಪ್ರಕಾರ ಪೆಟ್ಟಿಗೆಯಿಂದ ಹೊರಗೆ. ಇದು ನಮಗೆ ಹಿಡಿಸಲಿಲ್ಲ.

ಮುಂದಿನ ತಿಂಗಳು ಬರುವುದು ಅದೇ ಎಲ್‌ಪಿ. ಏನು ಬದಲಾಗಿದೆ ಎಂಬುದನ್ನು ಕೇಳುವ ಮೊದಲೇ ಕಣ್ಣಿನಿಂದ ನೋಡಬಹುದು. ‘ಸಾನಿಕ್ ಪ್ರೇಯರ್’ ಎಲ್‌ಪಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದವರಿಗೆ ನೆನಪಿರಬಹುದು: ಒಂದು ಬದಿಗೆ ಒಂದೇ ರಚನೆ, ಸುಮಾರು 20 ನಿಮಿಷ. ಅಂಚಿನಿಂದ ನಡುವಿನ ಚೀಟಿಯವರೆಗೆ ಎಲ್ಲೂ ಕಡಿಯದ ಕಪ್ಪು. ಸೂಜಿಯನ್ನು ನಡುವೆ ಎಲ್ಲಿ ಇಳಿಸಿದರೂ ನೀವು ಎಲ್ಲಿದ್ದೀರಿ ಎಂದು ಹೇಳಲಾಗದು. ‘ಬ್ಲ್ಯಾಕ್ ಹೆವನ್’ ಎಲ್‌ಪಿಯನ್ನು ಹಾಗೆಯೇ ಹಿಡಿಯಿರಿ, ರಚನೆ ರಚನೆಯ ನಡುವೆ ತೆಳುವಾದ ಹೊಳೆಯುವ ಪಟ್ಟಿಗಳು ಕಾಣುತ್ತವೆ. ಆರೂ ರಚನೆಗಳು ಸೇರಿ ಮುಗಿಯುವುದು 40 ನಿಮಿಷದೊಳಗೆ. ಇದೇ ತಂಡ ‘ಫ್ರಂ ದಿ ಏಜಸ್’ನ ಶೀರ್ಷಿಕೆ ರಚನೆಯೊಂದಕ್ಕೇ ಅರ್ಧ ಗಂಟೆ ತೆಗೆದುಕೊಂಡಿತ್ತು.

ಹಾಗಾದರೆ ಹಾಡು ಬಂದದ್ದರಿಂದ ರಚನೆಗಳು ಗಿಡ್ಡವಾದವೋ, ಗಿಡ್ಡವಾದದ್ದರಿಂದ ಹಾಡು ಬಂತೋ? ನಮ್ಮ ಓಟು ಎರಡನೆಯದಕ್ಕೆ. ಆ ಹೊತ್ತಿಗೆ ಮಿಚೆಲ್ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದರು, ಉಳಿದಿಬ್ಬರು ದಕ್ಷಿಣದ ಸ್ಯಾನ್ ಡಿಯಾಗೋದಲ್ಲಿ. ಈ ತಂಡದ ಉದ್ದನೆಯ ರಚನೆಗಳು ಕಾಗದದ ಮೇಲೆ ಹುಟ್ಟಿದವಲ್ಲ. ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ನುಡಿಸುತ್ತ, ಇಬ್ಬರು ಒಂದು ಲಯವನ್ನು ಬಿಡದೆ ಹಿಡಿದಿರಲು ಮೂರನೆಯವನು ಅದರ ಮೇಲೆ ಅಲೆಯುತ್ತ ಕಟ್ಟಿದವು. ಅಂಥ ಬಿಡುವು ಸಿಗದೆ ಹೋದಾಗ, ಮನೆಯಲ್ಲೇ ಕುಳಿತು ಆರಂಭ ಅಂತ್ಯಗಳನ್ನು ಗೊತ್ತುಮಾಡಿಕೊಂಡು ರಚನೆ ಮಾಡುವುದು ಸಹಜ. ಅಂಥ ರಚನೆಯಲ್ಲಿ ಚರಣಕ್ಕೊಂದು ಜಾಗ ತಾನಾಗಿಯೇ ತೆರೆದುಕೊಳ್ಳುತ್ತದೆ. ಮರುಭೂಮಿಯ ಅಂಚಿನ ಜೋಶುವಾ ಟ್ರೀಯಲ್ಲಿರುವ ರಾಂಚೋ ಡೆ ಲಾ ಲೂನಾ ಸ್ಟುಡಿಯೋದಲ್ಲಿ ಡೇವ್ ಕ್ಯಾಚಿಂಗ್ ಅವರ ಉಸ್ತುವಾರಿಯಲ್ಲಿ ಅವು ಧ್ವನಿಮುದ್ರಣಗೊಂಡವು.

ಮಿಚೆಲ್ ಹಾಡುಗಾರರಾಗಿದ್ದು ಅಂದು ಬೆಳಗ್ಗೆ ಎದ್ದಲ್ಲ. ಗೋಲ್ಡನ್ ವಾಯ್ಡ್ ಎಂಬ ಇನ್ನೊಂದು ತಂಡದಲ್ಲಿ ಅವರು ಮೊದಲಿನಿಂದಲೂ ಹಾಡುತ್ತಿದ್ದರು. ಅರ್ಥ್‌ಲೆಸ್ ಕೂಡ 2007ರಲ್ಲೇ ಬ್ರಿಟನ್ನಿನ ಗ್ರೌಂಡ್‌ಹಾಗ್ಸ್ ತಂಡದ ‘ಚೆರಿ ರೆಡ್’ ಹಾಡನ್ನು ಬಾಯಿಬಿಟ್ಟು ಹಾಡಿಯೇ ನುಡಿಸಿತ್ತು. ಇದನ್ನು ತಿಳಿದೂ ಕೆಲವು ಅಭಿಮಾನಿಗಳು ‘ಬ್ಲ್ಯಾಕ್ ಹೆವನ್’ ಬಂದಾಗ ಮುಖ ಗಂಟಿಕ್ಕಿಕೊಂಡದ್ದು ನಮಗೆ ಅರ್ಥವಾಗಿಲ್ಲ.

ಮೂರೇ ಜನರ ತಂಡದಲ್ಲಿ ಕಂಠ ಬಂದರೆ ಕೆಲಸದ ಹಂಚಿಕೆ ಬದಲಾಗುತ್ತದೆ. ಇಲ್ಲಿ ಎರಡನೆಯ ಗಿಟಾರು ಇಲ್ಲ, ಕೀಬೋರ್ಡೂ ಇಲ್ಲ. ಹಾಡುವವನೂ ನುಡಿಸುವವನೂ ಒಬ್ಬನೇ. ಹಾಡುತ್ತಿರುವಷ್ಟು ಹೊತ್ತು ಅವನ ಕೈ ಬೇಸ್ ಜೊತೆಗೆ ಒಂದೇ ಪಲುಕನ್ನು ಹಿಡಿದು ನಿಲ್ಲಬೇಕು. ಬಾಯಿ ಮುಚ್ಚಿದ ಕೂಡಲೇ ಕೈ ಬಿಡುಗಡೆಯಾಗುತ್ತದೆ. ‘ಗಿಫ್ಟೆಡ್ ಬೈ ದಿ ವಿಂಡ್’ ರಚನೆಯನ್ನು ಇದೊಂದನ್ನೇ ಗಮನಿಸುತ್ತ ಕೇಳಿ. ಚರಣ ಮುಗಿಯುತ್ತಿದ್ದಂತೆ ಗಿಟಾರು ನುಗ್ಗುವ ರೀತಿಯಲ್ಲಿ ಹಳೆಯ ಎಲ್‌ಪಿಗಳಲ್ಲಿ ಇಲ್ಲದ ಒಂದು ಹಸಿವಿದೆ. ಮೊದಲೆಲ್ಲ ಅದಕ್ಕೆ ಯಾರ ತಡೆಯೂ ಇರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ.

ಸಾಹಿತ್ಯವನ್ನು ಹುಡುಕಿಕೊಂಡು ಈ ಎಲ್‌ಪಿಯನ್ನು ಕೇಳಬೇಡಿ. ಗಾಳಿ, ಜ್ವಾಲೆ, ಅಂತ್ಯ ಎಂಬಂಥ ಶೀರ್ಷಿಕೆಗಳೇ ಎಲ್ಲವನ್ನೂ ಹೇಳಿಬಿಡುತ್ತವೆ. ಎಪ್ಪತ್ತರ ದಶಕದ ಹಾರ್ಡ್ ರಾಕ್ ಕೇಳಿ ಬೆಳೆದವರಿಗೆ ಈ ಏರುಕಂಠದ ಊರು ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ನಮಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಹಾಡಿಲ್ಲದ ಎರಡು ರಚನೆಗಳು. ‘ವೋಲ್ಟ್ ರಷ್’ ಎರಡು ನಿಮಿಷವೂ ಇಲ್ಲ, ಅದನ್ನು ಬಿಡಿ. ಅದರ ಹಿಂದೆಯೇ ಬರುವ ‘ಬ್ಲ್ಯಾಕ್ ಹೆವನ್’ ಎಂಬ ಶೀರ್ಷಿಕೆ ರಚನೆ ಎಂಟು ನಿಮಿಷ ದಾಟುತ್ತದೆ, ಅದರಲ್ಲಿ ಒಂದು ಪದವೂ ಇಲ್ಲ. ಇದು ಹಳೆಯ ಅರ್ಥ್‌ಲೆಸ್ಸೇ. ಆದರೆ ಅಷ್ಟು ಹೊತ್ತಿಗೆ ಮೂರು ಹಾಡುಗಳನ್ನು ಕೇಳಿರುವ ಕಿವಿ ಇಲ್ಲಿ ಕಂಠಕ್ಕಾಗಿ ಕಾಯುತ್ತದೆ. ಈಗ ಬಂತು, ಈಗ ಬಂತು ಎನ್ನುತ್ತಿರುವಾಗಲೇ ರಚನೆ ಮುಗಿದುಹೋಗುತ್ತದೆ. ಹಳೆಯ ಎಲ್‌ಪಿಗಳಲ್ಲಿ ಕಂಠವಿಲ್ಲ ಎಂಬುದು ಗಮನಕ್ಕೇ ಬರುತ್ತಿರಲಿಲ್ಲ. ಇಲ್ಲಿ ಅದು ಕೇಳಿಸುತ್ತದೆ. ಈ ಎಲ್‌ಪಿಯನ್ನು ಪೆಟ್ಟಿಗೆಗೆ ಹಾಕಲೇಬೇಕು ಎಂದು ನಾವು ತೀರ್ಮಾನಿಸಿದ್ದು ಈ ಎಂಟು ನಿಮಿಷಗಳಿಗಾಗಿ.

ನಮ್ಮ ಕಡೆಯ ಕಿವಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗಬೇಕು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಪರಿಚಿತ ಕೃತಿಯೊಂದು ಶುರುವಾದರೆ, ಸಾಹಿತ್ಯ ಬಲ್ಲವರ ಮನಸ್ಸು ಪಲ್ಲವಿಯನ್ನು ತಾನೇ ಹಾಡಿಕೊಳ್ಳುತ್ತದೆ. ಅಲ್ಲಿ ವಾದ್ಯದ ಕೆಳಗೆ ಹಾಡು ಮೊದಲೇ ಇದೆ. ಅರ್ಥ್‌ಲೆಸ್‌ನ ಮೊದಲ ಎಲ್‌ಪಿಗಳ ಕೆಳಗೆ ಅಂಥ ಯಾವ ಹಾಡೂ ಇರಲಿಲ್ಲ. ಮನಸ್ಸಿಗೆ ಗುನುಗಿಕೊಳ್ಳಲು ಏನೂ ಸಿಗದೆ ಅದು ಸುಮ್ಮನೆ ಸದ್ದಿನ ಹಿಂದೆ ಹೋಗುತ್ತಿತ್ತು. ‘ಬ್ಲ್ಯಾಕ್ ಹೆವನ್’ ಆ ಜಾಗದಲ್ಲಿ ಪದಗಳನ್ನು ತಂದಿಟ್ಟಿದೆ.

ಹಾಡು ತಂದ ತಂಡಗಳೆಲ್ಲ ಒಂದೇ ದಾರಿ ಹಿಡಿದಿಲ್ಲ. ‘ಬ್ಲ್ಯಾಕ್ ಹೆವನ್’ ಬಂದ ಮರುತಿಂಗಳು ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಕ್ರುಆಂಗ್‌ಬಿನ್ ತಂಡದ ‘ಮೊರ್ದೆಕೈ’ ಬರುತ್ತದೆ. ಅದೂ ಮೂವರ ತಂಡವೇ: ಲಾರಾ ಲೀ, ಮಾರ್ಕ್ ಸ್ಪೀರ್, ಡೊನಾಲ್ಡ್ ಜಾನ್ಸನ್. 2015ರ ಮೊದಲ ಆಲ್ಬಮ್ಮಿನಲ್ಲೂ ಅಲ್ಲೊಂದು ಇಲ್ಲೊಂದು ಹಾಡಿತ್ತು, ಆದರೆ ಜನ ಅವರನ್ನು ಗುರುತಿಸಿದ್ದು ಸ್ಪೀರ್ ಅವರ ಗಿಟಾರಿನಿಂದ. 2020ರ ‘ಮೊರ್ದೆಕೈ’ನಲ್ಲಿ ಮಾತ್ರ ಬಹುತೇಕ ಎಲ್ಲ ರಚನೆಗಳಿಗೂ ಕಂಠ ಬಂತು. ಮಿಚೆಲ್ ಗಿಟಾರನ್ನು ಕಾಯಿಸಿ ತಾನು ಮುಂದೆ ನಿಂತರೆ, ಇವರು ಕಂಠವನ್ನೇ ಹಿಂದೆ ನಿಲ್ಲಿಸುತ್ತಾರೆ: ಪಿಸುಮಾತಿಗಿಂತ ತುಸು ಮೇಲೆ, ಹೆಚ್ಚಾಗಿ ಒಟ್ಟಾಗಿ, ಪಕ್ಕದ ಕೋಣೆಯಿಂದ ಕೇಳಿದಷ್ಟು. ಚಿತ್ರ ಬಿಡಿಸುವವರಿಗೆ ಇದರಿಂದ ತೊಂದರೆಯಾಗದು ಎಂದು ನಮ್ಮ ಅಂದಾಜು. ಓದುವವರ ವಿಷಯದಲ್ಲಿ ಮಾತು ಕೊಡುವುದಿಲ್ಲ.

ಇನ್ನು ‘ಎಲ್ಲ ತಂಡಗಳೂ ಹಾಡಿಗೆ ಇಳಿದುಬಿಟ್ಟರೆ ನಮ್ಮ ಗತಿಯೇನು’ ಎಂಬ ಭಯ. ಸಭೆಯಲ್ಲಿ ಇದನ್ನು ಗಟ್ಟಿಯಾಗಿಯೇ ಕೇಳಿದವರಿದ್ದಾರೆ. ಅರ್ಥ್‌ಲೆಸ್ 2022ರಲ್ಲಿ ಹೊರತಂದ ‘ನೈಟ್ ಪೆರೇಡ್ ಆಫ್ ಒನ್ ಹಂಡ್ರೆಡ್ ಡೀಮನ್ಸ್’ನಲ್ಲಿ ಒಂದು ಪದವೂ ಇಲ್ಲ. ರಾತ್ರಿಯ ಹೊತ್ತು ನೂರು ಭೂತಗಳು ಮೆರವಣಿಗೆ ಹೊರಡುತ್ತವೆ ಎಂಬ ಜಪಾನಿನ ಜನಪದ ಕಥೆಯೊಂದು ಅದರ ಮೂಲ. ಇರುವುದು ಮೂರೇ ರಚನೆ, ಸುಮಾರು ಒಂದು ಗಂಟೆ. ಹಾಡಿ ನೋಡಿದವರು ಮತ್ತೆ ಸುಮ್ಮನಾದರು. ಆ ಎಲ್‌ಪಿಯನ್ನೂ ತರಿಸಿದ್ದೇವೆ, ‘ಬ್ಲ್ಯಾಕ್ ಹೆವನ್’ ಸುತ್ತು ಮುಗಿದ ಮೇಲೆಯೇ ಕಳುಹಿಸುತ್ತೇವೆ. ಕ್ರಮ ತಪ್ಪಿಸಿ ಕೊಡಿ ಎಂದು ಕೇಳಬೇಡಿ, ಕೊಡುವುದಿಲ್ಲ.

ಈಗ ವ್ಯವಹಾರದ ಮಾತು. ಇನ್ನು ಮೇಲೆ ಪ್ರತಿ ಎಲ್‌ಪಿಯ ಹೊರಕವಚಕ್ಕೆ ಒಂದು ಚೀಟಿ ಅಂಟಿಸುತ್ತೇವೆ. ಎಷ್ಟು ರಚನೆಗಳಿವೆ, ಎಷ್ಟರಲ್ಲಿ ಹಾಡಿದೆ, ಯಾವ ಬದಿ ಹಾಕಿದರೆ ಎಷ್ಟು ಹೊತ್ತು ಏಳದೆ ಕೂರಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಹಾಡು ಬೇಡವೇ ಬೇಡ ಎನ್ನುವವರು ಈಗಿನ ಪೆಟ್ಟಿಗೆ ಹಿಂದಿರುಗಿಸುವಾಗ ಒಳಗಿನ ರಸೀದಿಯ ಮೇಲೆ ‘ವಾದ್ಯ ಮಾತ್ರ’ ಎಂದು ಬರೆದರೆ ಸಾಕು. ಅಂಥವರಿಗೆ ಆಯಾ ತಿಂಗಳು ಬೇರೆ ಎಲ್‌ಪಿ ಬರುತ್ತದೆ, ಹೆಚ್ಚಿನ ಹಣವಿಲ್ಲ, ಕಾರಣ ಕೊಡಬೇಕಾಗಿಯೂ ಇಲ್ಲ. ಮುಂದೆ ಮನಸ್ಸು ಬದಲಾದರೆ ಅದೇ ರೀತಿ ಬರೆದು ತಿಳಿಸಬಹುದು. ಅಂಗಡಿ, ಚಿಕಿತ್ಸಾಲಯಗಳಲ್ಲಿ ಹಾಕುವ ಸದಸ್ಯರನ್ನು ನಾವೇ ‘ವಾದ್ಯ ಮಾತ್ರ’ ಪಟ್ಟಿಗೆ ಸೇರಿಸಿದ್ದೇವೆ, ಬೇಡವೆಂದರೆ ತೆಗೆಯುತ್ತೇವೆ. ಉತ್ತರ ಮುಂದಿನ ತಿಂಗಳ 10ರೊಳಗೆ ಬಂದರೆ ಪೆಟ್ಟಿಗೆ ಕಟ್ಟಲು ಅನುಕೂಲ.

ಕೊನೆಗೊಂದು ಕೋರಿಕೆ. ‘ಫ್ರಂ ದಿ ಏಜಸ್’ ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ಕಳುಹಿಸಿಕೊಡಿ. ಸರದಿಯಲ್ಲಿ ಇನ್ನೂ ಜನ ಕಾಯುತ್ತಿದ್ದಾರೆ. ಎಲ್‌ಪಿಯನ್ನು ಒಳಕವಚದ ಬಾಯಿ ಮೇಲೆ ಬರುವಂತೆ ಹಾಕಿ. ಹಿಂದಿನ ಸಲದಂತೆ ದಿನಪತ್ರಿಕೆಯಲ್ಲಿ ಸುತ್ತಬೇಡಿ, ಶಾಯಿ ಅಂಟಿಕೊಳ್ಳುತ್ತದೆ.

ಇಂತಿ,
ಸಹಕಾರಿಯ ಪರವಾಗಿ, ಪೆಟ್ಟಿಗೆ ಕಟ್ಟುವ ವಿಭಾಗ