ಬಚ್ಚಲ ಒಲೆಗೆ ಏನು ಹಾಕುತ್ತಿ?

ಪೆರ್ಲ

ಪ್ರೀತಿಯ ಮಗಳೇ,

ನಾವೆಲ್ಲ ಕ್ಷೇಮ. ಮೊನ್ನೆ ಮುಳ್ಳೇರಿಯಕ್ಕೆ ಬಂದಾಗ ಪಾಪುವನ್ನು ಎತ್ತಿಕೊಂಡೇ ಹೊತ್ತು ಹೋಯಿತು. ಒಂದು ಮಾತು ಹೇಳಲು ಬಾಕಿಯಾಯಿತು. ನಿನ್ನ ಅತ್ತೆಯ ಎದುರು ಬೇಡ ಅಂತಲೂ ಅನಿಸಿತು.

ನಿಮ್ಮ ಬಚ್ಚಲ ಒಲೆಯ ಹತ್ತಿರ ತೆಂಗಿನ ಒಣ ಮಡಲಿನ ಜೊತೆ ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಬಿಸ್ಕತ್ತಿನ ತೊಟ್ಟೆ, ಪೈಪಿನ ತುಂಡು ನೋಡಿದೆ. ಬೈಯುತ್ತಿಲ್ಲ, ನಾನೂ ಹದಿನೈದು ವರ್ಷ ಅದನ್ನೇ ಮಾಡಿದವಳು. ಬೆಂಕಿ ಬೇಗ ಹಿಡಿಯುತ್ತದೆ, ಕಸವೂ ಮುಗಿಯುತ್ತದೆ ಅಂತ ಖುಷಿ. ಆ ಬೂದಿಯಲ್ಲೇ ಪಾತ್ರೆ ತಿಕ್ಕಿದೆ, ಬದನೆ ಬುಡಕ್ಕೂ ಹಾಕಿದೆ. ಒಮ್ಮೆ ಬೂದಿ ತೋಡುವಾಗ ಕರಗಿ ಗಟ್ಟಿಯಾದ ಕಪ್ಪು ಮುದ್ದೆಯೊಂದು ಕೈಗೆ ಸಿಕ್ಕಿತು, ಅದರಲ್ಲಿ ತೊಟ್ಟೆಯ ಅಕ್ಷರ ಇನ್ನೂ ಕಾಣುತ್ತಿತ್ತು. ಅವತ್ತೇ ನಿಲ್ಲಿಸಿದೆ. ಪಿವಿಸಿ ಪೈಪು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಕೂರುವಂಥದ್ದು. ದನದ ಹಾಲಿಗೂ ಬರುತ್ತದೆ, ತಾಯಿಯ ಹಾಲಿಗೂ.

ನಮ್ಮ ಕಾಸರಗೋಡಿನ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾ? ಗೇರು ಗುಡ್ಡೆಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು, 2000ದವರೆಗೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ. ಸುಪ್ರೀಂ ಕೋರ್ಟು ದೇಶಕ್ಕೇ ಬೇಡ ಅಂದದ್ದು 2011ರಲ್ಲಿ. ಪಡ್ರೆ ಊರಿನಲ್ಲಿ ಎದ್ದು ಕೂರಲಾಗದ ಮಕ್ಕಳನ್ನು ನೋಡಿದವರು ನಾವು. ಅದು ಮೇಲಿಂದ ಬಿತ್ತು, ತಡೆಯುವುದು ನಮ್ಮ ಕೈಯಲ್ಲಿರಲಿಲ್ಲ. ಒಲೆ ನಮ್ಮದೇ ಅಲ್ವಾ?

ತೊಟ್ಟೆಯನ್ನು ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸು. ಪಂಚಾಯತಿನ ಕಡೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಬರುತ್ತಾರಲ್ಲ, ಅವರಿಗೆ ಕೊಡು. ಅವರಿಗೆ ಕೊಡುವ ದುಡ್ಡಿಗೆ ನಿನ್ನ ಅತ್ತೆ ಗೊಣಗಿದರೆ ಗೊಣಗಲಿ.

ಇನ್ನೊಂದು, ಅಳಿಯನಿಗೆ ಹೇಳು. ಕಳೆನಾಶಕದ ಖಾಲಿ ಕ್ಯಾನನ್ನು ಎಷ್ಟು ತೊಳೆದರೂ ನೀರು ತುಂಬಿಸಿಡಲು ತರುವುದು ಬೇಡ. ಅಡಕೆಗೆ ಮದ್ದು ಬಿಟ್ಟ ದಿನ ಮಿಂದ ಮೇಲೆಯೇ ಪಾಪುವನ್ನು ಎತ್ತಲಿ. ಮಳೆ ಶುರುವಾದರೆ ಅಂಗಳದ ತೆಂಗಿನ ಗೆರಟೆ, ಬಿದ್ದ ಅಡಕೆ ಹಾಳೆ ಎಲ್ಲ ಕವುಚಿ ಹಾಕಿ. ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು, ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಆಮೇಲೆ ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹಚ್ಚಿ ಮಗುವಿಗೆ ಹೊಗೆ ಕುಡಿಸುವುದು ಯಾಕೆ?

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ನಾವು ಹಸುಗೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದೆವು. ನೀನು ಮಾಡಬೇಡ, ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಈಗ ಏಳು ತಿಂಗಳು, ರಾಗಿ ಮಣ್ಣಿ ತಿನ್ನುತ್ತಾನಲ್ಲ, ಸಾಕು. ಬೆಲ್ಲ ಹಾಕದೆ ಕೊಡು. ಸಿಹಿ ಬೇಕು ಅನ್ನುವುದು ನಮಗೆ, ಅವನಿಗಲ್ಲ. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಹಿಸುಕಿ ಕೊಟ್ಟು ನೋಡು. ಎದೆಹಾಲು ನಿಲ್ಲಿಸಬೇಡ.

ಪೇಟೆ ಡಯಾಪರ್ ಪ್ರಯಾಣಕ್ಕೆ ಇರಲಿ. ಮನೆಯಲ್ಲಿ ಹತ್ತಿ ಬಟ್ಟೆಯೇ ಸಾಕು. ದೊಡ್ಡಪ್ಪನ ಹಳೆ ಪಂಚೆ ನಾಲ್ಕು ಹರಿದು, ಅಂಚು ಹೊಲಿದು ಕಳಿಸುತ್ತಿದ್ದೇನೆ. ಜೊತೆಗೆ ಅದನ್ನು ಒಗೆಯಲು ಅಂಟುವಾಳ ಇದೆ. ಏಳೆಂಟು ಕಾಯಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚು. ನೊರೆ ಕಣ್ಣಿಗೆ ಹಾರಿದರೆ ಜೋರು ಉರಿ, ಪಾಪು ಹತ್ತಿರ ಇರುವುದು ಬೇಡ.

ಕಟ್ಟು ಆದಿತ್ಯವಾರ ಬೆಳಗ್ಗಿನ ಬಸ್ಸಿಗೆ ದೊಡ್ಡಪ್ಪನೇ ತರುತ್ತಾರೆ. ವಾಪಸು ಬರುವಾಗ ಅವರ ಚೀಲದಲ್ಲಿ ಒಂದು ಹಿಡಿ ತಿಮರೆ (ಒಂದೆಲಗ) ಬೇರುಸಮೇತ ಹಾಕಿಕೊಡು. ನಮ್ಮದು ಈ ಸಲದ ಬಿಸಿಲಿಗೆ ಪೂರಾ ಸತ್ತಿದೆ.

ನಿನ್ನ,
ದೊಡ್ಡಮ್ಮ