ಮಂಗಳಾರತಿ ಹೊತ್ತಲ್ಲಿ ಫೋನ್ ಬೇಡ

ಮಾನ್ಯ ಸಂಪಾದಕರೇ,

ದೇವಸ್ಥಾನಗಳಲ್ಲಿ ಮಂಗಳಾರತಿ ಹೊತ್ತಿಗೆ ಕೈ ಮುಗಿಯುವವರಿಗಿಂತ ಫೋನ್ ಎತ್ತಿ ಹಿಡಿಯುವವರೇ ಜಾಸ್ತಿಯಾಗಿದ್ದಾರೆ. ಗವಿಪುರದ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವ ವರದಿ ಓದಿದಾಗ ಈ ಮಾತು ಮತ್ತೆ ಕಾಡಿತು. ಕೆಲವೇ ನಿಮಿಷ ಇರುವ ಬೆಳಕು ಅದು. ಕಣ್ಣಾರೆ ನೋಡಬೇಕಾದದ್ದು.

ಮೊನ್ನೆ ಸೋಮವಾರ ನಮ್ಮ ಬಡಾವಣೆಯ ಗುಡಿಯಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ನಿಂತಿದ್ದರು. ಆರತಿ ಎತ್ತಿದ ಕೂಡಲೇ ಅವರ ಮುಂದೆ ಏಳೆಂಟು ಫೋನ್ ಎದ್ದವು. ತುದಿಗಾಲಲ್ಲಿ ನಿಂತು ನೋಡಿದರು, ಏನೂ ಕಾಣಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಕೈ ಮುಗಿದು ಹಾಗೇ ನಿಂತುಬಿಟ್ಟರು. ಆರತಿ ತಟ್ಟೆ ಹತ್ತಿರ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಆ ಹೊತ್ತು ಅಲ್ಲಿ ದೇವರನ್ನು ಕಂಡವರು ಅವರೊಬ್ಬರೇ ಅನ್ನಿಸಿತು. ನಾನೂ ಎಷ್ಟೋ ಸಲ ಫೋಟೊ ತೆಗೆದಿದ್ದೇನೆ. ಮನೆಗೆ ಬಂದು ಒಂದನ್ನೂ ತೆರೆದು ನೋಡಿಲ್ಲ.

ಗುಡಿಗೆ ಬರುವವರೆಲ್ಲ ವರ ಬೇಡಲು ಬರುವುದಿಲ್ಲ. ದೇವರು ಇದ್ದಾನೋ ಇಲ್ಲವೋ ಎಂದು ಒಳಗೊಳಗೇ ಹುಡುಕುತ್ತಿರುವವರೂ ಬರುತ್ತಾರೆ. ಅಂಥವರಿಗೆ ಈ ಗದ್ದಲದ ಊರಲ್ಲಿ ಸುಮ್ನೆ ಕೂರಲು ಒಂದು ಜಾಗ ಬೇಕು, ಅಲ್ವಾ?

ದೇವಸ್ಥಾನದ ಆಡಳಿತ ಮಂಡಳಿಗಳು ಚಪ್ಪಲಿ ಸ್ಟ್ಯಾಂಡ್ ಪಕ್ಕದಲ್ಲೇ ಟೋಕನ್ ಕೊಟ್ಟು ಫೋನ್ ಇಟ್ಟುಕೊಳ್ಳಲಿ. ಅದು ಕಷ್ಟವಾದರೆ ಆರತಿಗೆ ಮುಂಚೆ ಅರ್ಚಕರೇ ಒಂದು ಮಾತು ಹೇಳಲಿ. ಆರತಿ ಮುಗಿದ ಮೇಲೆ ಐದು ನಿಮಿಷ ಮೈಕ್ ಆಫ್ ಮಾಡಿದರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ, ಬೆಂಗಳೂರು