ಅಭಿನಂದನೆ ಆಮೇಲೆ, ಧನ್ಯವಾದ ಈಗಲೇ

ಯಕೃತ್ತನ್ನು ಕಾಡುವ ವೈರಸ್ ಕಾಯಿಲೆ ಹೆಪಟೈಟಿಸ್ ಸಿಗೆ ನನ್ನ ಚಿಕಿತ್ಸೆಯ 24 ವಾರಗಳು ಮುಗಿದವು. ಕೊನೆಯ ಮಾತ್ರೆ ನುಂಗಿದ ಸುದ್ದಿ ನನಗಿಂತ ಮೊದಲೇ ನಿಮ್ಮೆಲ್ಲರನ್ನು ತಲುಪಿ, ‘ಗೆದ್ದುಬಿಟ್ಟಿರಿ’, ‘ಅಭಿನಂದನೆಗಳು’ ಎಂಬ ಸಂದೇಶಗಳಿಂದ ಮೊಬೈಲ್ ತುಂಬಿಹೋಗಿದೆ. ಪ್ರೀತಿಯಿಂದ ಕಳಿಸಿದ್ದೀರಿ, ಗೊತ್ತು. ಆದರೆ ಅಭಿನಂದನೆಯನ್ನು ಸ್ವಲ್ಪ ಕಾಲ ನಿಮ್ಮ ಬಳಿಯೇ ಇಟ್ಟುಕೊಂಡಿರಿ. ಮಾತ್ರೆ ನಿಲ್ಲಿಸಿ 12 ವಾರ ಕಳೆದ ಮೇಲೆ ರಕ್ತದಲ್ಲಿ ವೈರಸ್‌ನ ಆರ್‌ಎನ್‌ಎ (ಅದರ ವಂಶವಾಹಿ ದ್ರವ್ಯ) ಕಾಣದಿದ್ದರೆ ಮಾತ್ರ ಗುಣವಾಯಿತು ಎನ್ನುತ್ತಾರೆ. ಧನ್ಯವಾದ ಹೇಳಲು ಆ ವರದಿಗಾಗಿ ಕಾಯಬೇಕಿಲ್ಲ. ವರದಿ ಹೇಗೆ ಬಂದರೂ ನನ್ನ ಮೇಲಿರುವ ನಿಮ್ಮ ಋಣ ಹೆಚ್ಚುಕಡಿಮೆಯಾಗುವುದಿಲ್ಲ.

ಇಷ್ಟು ಬಿಗುಮಾನವೇಕೆ ಎಂದರೆ, ಈ ದಾರಿಯಲ್ಲಿ ನಾನು ಹಿಂದೊಮ್ಮೆ ನಡೆದಿದ್ದೇನೆ. ಆಗ ಇದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬಾವಿರಿನ್ ಮಾತ್ರೆ, 48 ವಾರಗಳ ಚಿಕಿತ್ಸೆ. ವಾರಕ್ಕೊಮ್ಮೆ ಚುಚ್ಚಿಸಿಕೊಂಡ ರಾತ್ರಿ ಚಳಿಜ್ವರ, ಮೈಕೈ ನೋವು. ಮಾತ್ರೆಯಿಂದ ರಕ್ತಹೀನತೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಾಚಣಿಗೆಯ ತುಂಬ ಕೂದಲು. ಇವೆಲ್ಲಕ್ಕಿಂತ ಕಷ್ಟವಾದದ್ದು ಕಾರಣವಿಲ್ಲದೆ ಕವಿಯುತ್ತಿದ್ದ ಮಂಕು. ಚಿಕಿತ್ಸೆ ಮುಗಿದ ದಿನ ವೈರಸ್ ಪತ್ತೆಯಾಗಲಿಲ್ಲ, ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಕೆಲವೇ ತಿಂಗಳಲ್ಲಿ ಅದು ಮರಳಿ ಬಂದಿತ್ತು. ನನ್ನಲ್ಲಿದ್ದ ತಳಿಯ ವೈರಸ್ ಆ ಔಷಧಿಗಳಿಗೆ ಬಗ್ಗುತ್ತಿದ್ದುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಉಳಿದರ್ಧದಲ್ಲಿ ನಾನಿರಬಹುದು ಎಂದು ಯಾರಾದರೂ ಮೊದಲೇ ಲೆಕ್ಕ ಹಾಕಿಕೊಳ್ಳುತ್ತಾರೆಯೇ?

ಈ ಸಲದ ಸೋಫೊಸ್‌ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು ಅಷ್ಟು ಕಾಡಲಿಲ್ಲ. ಒಂದಿಷ್ಟು ತಲೆನೋವು, ಆಯಾಸ, ಅಷ್ಟೇ. ಹೆಚ್ಚಿನವರಿಗೆ 12 ವಾರ ಸಾಕು. ನನ್ನ ಯಕೃತ್ತು ಆಗಲೇ ಗಡುಸಾಗಿ ಸಿರೋಸಿಸ್ ಹಂತಕ್ಕೆ ಬಂದಿದ್ದರಿಂದ ಅದರ ಇಮ್ಮಡಿ. ಈಗಿನ ಔಷಧಿಗಳಿಂದ ನೂರರಲ್ಲಿ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ ಎಂಬುದು ತಿಳಿದಿದೆ. ಆದರೂ ಮಾತ್ರೆ ಮುಗಿದ ಮರುದಿನ ಎದೆಯಲ್ಲಿ ಎದ್ದದ್ದು ಭಯ. ದಿನವೂ ಮಾತ್ರೆ ನುಂಗುವಾಗ ಬಾಗಿಲಲ್ಲಿ ಕಾವಲುಗಾರನಿದ್ದಾನೆ ಎಂಬ ಧೈರ್ಯವಿತ್ತು. ಈಗ ಅವನನ್ನು ನಾನೇ ಕೈಯಾರೆ ಕಳಿಸಿಕೊಟ್ಟಂತಾಗಿದೆ. ಭಯದ ಹಿಂದೆಯೇ ನಿರಾಳ, ಅದರ ಹಿಂದೆ ಒಂದು ಬಗೆಯ ನಾಚಿಕೆ. ಇಂಟರ್‌ಫೆರಾನ್ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು ಹರಟುತ್ತಿದ್ದ ಕೆಲವರು ಈ ಮಾತ್ರೆಗಳು ಬರುವವರೆಗೆ ಉಳಿಯಲಿಲ್ಲ. ಸೋಫೊಸ್‌ಬುವಿರ್‌ಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 2013ರ ಕೊನೆಯಲ್ಲಿ. ಅವರಿಗೆ ತಡವಾಯಿತು.

ಈಗ ನಮಸ್ಕಾರಗಳು. ಮೊದಲನೆಯದು, ಹೆಸರೂ ಗೊತ್ತಿಲ್ಲದ ಒಬ್ಬರಿಗೆ. 1988ರಲ್ಲಿ ಮಗಳು ಹುಟ್ಟಿದಾಗ ರಕ್ತಸ್ರಾವ ನಿಲ್ಲದೆ, ಯಾರೋ ದಾನ ಮಾಡಿದ ರಕ್ತ ಏರಿಸಿದ್ದರಿಂದ ಬದುಕಿದೆ. ವೈರಸ್ ನನ್ನೊಳಗೆ ಬಂದದ್ದೂ ಬಹುಶಃ ಅದರಿಂದಲೇ ಎಂದು ವೈದ್ಯರ ಊಹೆ. ಆಗ ಈ ಕಾಯಿಲೆಗೆ ಸ್ವಂತ ಹೆಸರೂ ಇರಲಿಲ್ಲ. ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎನ್ನುತ್ತಿದ್ದರು. 1989ರಲ್ಲಿ ವೈರಸ್ಸನ್ನು ಗುರುತಿಸಿದ ಮೇಲಷ್ಟೇ ದಾನದ ರಕ್ತವನ್ನು ಪರೀಕ್ಷಿಸುವ ದಾರಿ ತೆರೆಯಿತು. ಹಾಗಾಗಿ ಕೊಟ್ಟವರಿಗೂ ಗೊತ್ತಿಲ್ಲ, ಏರಿಸಿದವರಿಗೂ ಗೊತ್ತಿಲ್ಲ. ವರ್ಷಾನುಗಟ್ಟಲೆ ನನಗೂ ಗೊತ್ತಾಗಲಿಲ್ಲ. ತಿಳಿದ ಮೇಲೆ ಆ ಅಪರಿಚಿತರ ಮೇಲೆ ಬೆಂಕಿಯಂಥ ಸಿಟ್ಟು ಬಂದಿತ್ತು. ಅದು ಪೂರ್ತಿ ಇಳಿದಿದೆ ಎಂದು ಹೇಳಲಾರೆ. ಆದರೆ ಅವರು ಅಂದು ತೋಳು ಚಾಚದೇ ಇದ್ದಿದ್ದರೆ ನನ್ನ ಮಗಳು ತಾಯಿಯಿಲ್ಲದೆ ಬೆಳೆಯುತ್ತಿದ್ದಳು. ಅವರಿಗೆ ಯಾರಾದರೂ ಪರೀಕ್ಷೆ ಮಾಡಿಸಿದರೋ, ಔಷಧಿ ಸಿಕ್ಕಿತೋ ಎಂದು ಈಗೀಗ ಯೋಚನೆಯಾಗುತ್ತದೆ. ಗುಣವಾದ ಮೇಲೂ ರಕ್ತದಲ್ಲಿ ಪ್ರತಿಕಾಯಗಳು ಉಳಿಯುವುದರಿಂದ ನಾನು ರಕ್ತದಾನ ಮಾಡುವಂತಿಲ್ಲ. ಮಗಳು ಮಾಡುತ್ತಾಳೆ, ಅವಳ ಪರೀಕ್ಷೆಯಲ್ಲಿ ಏನೂ ಇರಲಿಲ್ಲ.

ಈ ವೈರಸ್ಸಿನ ಬೆನ್ನುಹತ್ತಿ 2020ರ ನೊಬೆಲ್ ಪಡೆದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಇದನ್ನು ಓದಲಾರರು, ಆದರೂ ಒಂದು ನಮಸ್ಕಾರ. ಅವರಿಗಿಂತ ತುಸು ಬಾಗಿ ಮಾಡುವ ನಮಸ್ಕಾರ, ಹೊಸ ಮಾತ್ರೆ ಏನು ಮಾಡೀತೋ ತಿಳಿಯದೆಯೇ ಪ್ರಯೋಗಕ್ಕೆ ಒಪ್ಪಿ ಮೊದಲು ನುಂಗಿದ ರೋಗಿಗಳಿಗೆ. ಅವರಿಗೆ ಯಾವ ಪ್ರಶಸ್ತಿಯೂ ಇಲ್ಲ.

ನನ್ನ ವೈದ್ಯರಿಗೆ, ಸುಳ್ಳು ಭರವಸೆ ಕೊಡದೆ ‘ನೋಡೋಣ’ ಎಂದದ್ದಕ್ಕೆ. ಎಷ್ಟು ಹುಡುಕಿದರೂ ನರ ಸಿಗದ ನನ್ನ ಕೈಯಿಂದ ಒಂದೇ ಚುಚ್ಚಿಗೆ ರಕ್ತ ತೆಗೆಯುತ್ತಿದ್ದ ನರ್ಸ್ ಅಮ್ಮನಿಗೆ. ಔಷಧಿಯ ಸಿಟ್ಟು ಯಾವುದು, ನನ್ನ ಹುಟ್ಟುಗುಣದ ಸಿಟ್ಟು ಯಾವುದು ಎಂದು ಸೋಸಿ, ಎರಡನೆಯದಕ್ಕೆ ಮಾತ್ರ ಉತ್ತರ ಕೊಟ್ಟ ನನ್ನವರಿಗೆ. ಕಾಯಿಲೆಯ ಹೆಸರು ಕೇಳಿದ ದಿನವೇ ನನ್ನ ಲೋಟದಲ್ಲಿ ಉಳಿದದ್ದನ್ನು ಎತ್ತಿ ಕುಡಿದ ಗೆಳತಿಗೆ. ನೀನು ಬೇಕೆಂದೇ ಮಾಡಿದೆ ಎಂದು ನನಗೆ ಗೊತ್ತಾಗಿತ್ತು, ಕಣೇ. ಲೋಟ ಬೇರೆ ಇಟ್ಟವರೂ ಇದ್ದರು. ಈ ವೈರಸ್ ಹರಡುವುದು ರಕ್ತದಿಂದ. ಒಟ್ಟಿಗೆ ಉಣ್ಣುವುದರಿಂದಲ್ಲ, ಅಪ್ಪಿಕೊಳ್ಳುವುದರಿಂದಲ್ಲ. ಅವರನ್ನು ಕ್ಷಮಿಸುವ ವಿಚಾರ ಇನ್ನೂ ಪರಿಶೀಲನೆಯಲ್ಲಿದೆ.

ವೈರಸ್ ಹೋದರೂ ಗಡುಸಾದ ಯಕೃತ್ತಿನಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಉಳಿಯುವುದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪುವುದಿಲ್ಲ. ಆಸ್ಪತ್ರೆಯ ಬೆಂಚಿಗೂ ನನಗೂ ಇನ್ನೂ ನಂಟಿದೆ.

12 ವಾರಗಳ ವರದಿ ಬಂದ ದಿನ, ಏನೇ ಇರಲಿ, ನಾನೇ ತಿಳಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಕರೆ ಮಾಡಿ ‘ಏನಾಯಿತು’ ಎಂದು ಕೇಳಬೇಡಿ. ಅಕ್ಕನಿಗೆ ಮಾತ್ರ ವಿನಾಯಿತಿ. ಬೇಡವೆಂದರೂ ಅವಳು ಕೇಳುವವಳೇ.